ದೇಶ ಬದಲಾದರೆ ಗರ್ಭಪಾತದ ಕಾನೂನೂ ಬದಲು: ಅದನ್ನು ಸರಿಯಾಗಿ ಓದುವುದು ಹೇಗೆ?

ಗರ್ಭಪಾತ ಯಾವ ದೇಶದಲ್ಲಿ ಕಾನೂನುಬದ್ಧ, ಯಾವ ದೇಶದಲ್ಲಿ ಅಲ್ಲ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬಳಿದ ಒಂದು ನಕ್ಷೆ. ಹಸಿರು ಇದ್ದಲ್ಲಿ ಅವಕಾಶ, ಕೆಂಪು ಇದ್ದಲ್ಲಿ ನಿಷೇಧ. ಅಷ್ಟು ನೋಡಿ ವಾದಕ್ಕೆ ಇಳಿಯುವವರೇ ಜಾಸ್ತಿ. ಆದರೆ ಒಂದೇ ಬಣ್ಣದ ಎರಡು ದೇಶಗಳಲ್ಲಿ ಹೆಂಗಸರ ಪಾಡು ಅಜಗಜಾಂತರ ಇರಬಹುದು. ಕೆಲವು ಕಡೆ ಒಂದೇ ದೇಶದ ಎರಡು ರಾಜ್ಯಗಳಲ್ಲೇ ಅಷ್ಟು ವ್ಯತ್ಯಾಸ.

ವಿದ್ಯಾರ್ಥಿಗಳು, ವರದಿಗಾರರು, ಮನೆಯಲ್ಲಿ ಇದರ ಬಗ್ಗೆ ಚರ್ಚೆ ಮಾಡುವವರು, ಎಲ್ಲರಿಗೂ ಉಪಯೋಗವಾಗಲಿ ಅಂತ ಈ ಮಾರ್ಗದರ್ಶಿ. ಮೂರು ವಿಷಯಗಳನ್ನು ಒಂದಕ್ಕೊಂದು ಬೆರೆಸದೆ ನೋಡಬೇಕು. ಕಾನೂನಿನಲ್ಲಿ ಏನು ಬರೆದಿದೆ? ಹೆಂಗಸಿನ ಕೈಗೆ ನಿಜವಾಗಿ ಏನು ಸಿಗುತ್ತದೆ? ಅಲ್ಲಿನ ಜನ ಏನು ಹೇಳುತ್ತಾರೆ? ಈ ಮೂರೂ ಒಂದೇ ದಿಕ್ಕಿನಲ್ಲಿರುವ ಜಾಗ ತುಂಬಾ ಕಡಿಮೆ.

ಮೊದಲೇ ಒಂದು ಮಾತು. ನೀವು ಇದನ್ನು ನಿಮಗಾಗಿಯೋ ನಿಮ್ಮವರಿಗಾಗಿಯೋ, ಈಗಲೇ ಬೇಕಾಗಿ ಓದುತ್ತಿದ್ದರೆ, ಪೂರ್ತಿ ಓದುತ್ತಾ ಕೂರಬೇಡಿ. ಇವತ್ತೇ ನಂಬಿಕೆಯ ವೈದ್ಯರನ್ನು ಕಾಣಿ. ಎಷ್ಟು ವಾರ ಆಗಿದೆ ಎನ್ನುವುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಓದುವುದು ಆಮೇಲೂ ಆಗುತ್ತದೆ.

ಹೆಜ್ಜೆ 1: ಆ ಜಾಗಕ್ಕೆ ಕಾನೂನು ಮಾಡುವವರು ಯಾರು?

ದೇಶದ ಹೆಸರು ಹೇಳಿದರೆ ಸಾಲದು. ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 1973ರ ರೋ ತೀರ್ಪು ಇಡೀ ದೇಶಕ್ಕೆ ಒಂದು ಕನಿಷ್ಠ ರಕ್ಷಣೆ ಕೊಟ್ಟಿತ್ತು. 2022ರ ಜೂನ್ 24ರಂದು ಅದೇ ಕೋರ್ಟಿನ ಡಾಬ್ಸ್ ತೀರ್ಪು ಅದನ್ನು ತೆಗೆದುಹಾಕಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಅಲ್ಲಿಂದಾಚೆ 'ಅಮೆರಿಕದಲ್ಲಿ ಗರ್ಭಪಾತ ಕಾನೂನುಬದ್ಧವೇ' ಅಂತ ಕೇಳಿದರೆ ಉತ್ತರ ಇಲ್ಲ. ಯಾವ ರಾಜ್ಯ ಅಂತ ಕೇಳಬೇಕು.

ಆಸ್ಟ್ರೇಲಿಯದಲ್ಲೂ ರಾಜ್ಯಗಳದ್ದೇ ಕಾನೂನು. ಕ್ವೀನ್ಸ್‌ಲ್ಯಾಂಡ್ 2018ರಲ್ಲಿ ಬದಲಾಯಿಸಿತು, ನ್ಯೂ ಸೌತ್ ವೇಲ್ಸ್ 2019ರಲ್ಲಿ. ಮೆಕ್ಸಿಕೊದಲ್ಲಿ ರಾಜಧಾನಿ ಮೆಕ್ಸಿಕೊ ಸಿಟಿ 2007ರಲ್ಲೇ 12 ವಾರದವರೆಗೆ ಅವಕಾಶ ಕೊಟ್ಟಿತು. ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಅಪರಾಧ ಅನ್ನುವುದೇ ಸಂವಿಧಾನಕ್ಕೆ ವಿರುದ್ಧ ಅಂದಿದ್ದು 2021ರಲ್ಲಿ. ಬ್ರಿಟನ್ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. 1967ರ ಗರ್ಭಪಾತ ಕಾಯ್ದೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಿಗೆ ಮಾತ್ರ. ಉತ್ತರ ಐರ್ಲೆಂಡಿಗೆ ಅದು ಯಾವತ್ತೂ ಅನ್ವಯವಾಗಲಿಲ್ಲ. ಅಲ್ಲಿನ ಹೆಂಗಸರು 2019ರವರೆಗೆ, ಅಂದರೆ ಅರ್ಧ ಶತಮಾನ, ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಬೇಕಾಗಿತ್ತು.

ಭಾರತದಲ್ಲಿ ಹಾಗಲ್ಲ. 1971ರ ಎಂಟಿಪಿ ಕಾಯ್ದೆ (ವೈದ್ಯಕೀಯ ಗರ್ಭಪಾತದ ಕಾಯ್ದೆ) ಕೇಂದ್ರದ್ದು, ಇಡೀ ದೇಶಕ್ಕೆ ಒಂದೇ.

ಹೆಜ್ಜೆ 2: ಇದು ಹಕ್ಕೋ, ಅಪರಾಧಕ್ಕೆ ಕೊಟ್ಟ ವಿನಾಯಿತಿಯೋ?

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ. ಫ್ರಾನ್ಸ್ 2024ರ ಮಾರ್ಚ್ 4ರಂದು ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನದಲ್ಲೇ ಬರೆಯಿತು. ಪರವಾಗಿ 780 ಮತ, ವಿರುದ್ಧ 72. ಪಕ್ಕದ ಜರ್ಮನಿಯಲ್ಲಿ ಅದು ಈಗಲೂ ದಂಡಸಂಹಿತೆಯ 218ನೇ ಕಲಮಿನಲ್ಲಿದೆ. ಆಪ್ತ ಸಲಹೆ ಪಡೆದು, ಮೂರು ದಿನ ಕಾದು, 12 ವಾರದೊಳಗೆ ಮಾಡಿಸಿಕೊಂಡರೆ ಶಿಕ್ಷೆ ಇಲ್ಲ, ಅಷ್ಟೇ. ಎರಡು ದೇಶಗಳಿಗೂ ನಕ್ಷೆಯಲ್ಲಿ ಹಸಿರು ಬಣ್ಣ.

ಭಾರತದ ಕಾಯ್ದೆಯೂ ವಿನಾಯಿತಿಯ ಜಾತಿಗೇ ಸೇರಿದ್ದು. ಗರ್ಭಪಾತ ಮಾಡಿಸುವುದು ಹಿಂದೆ ಐಪಿಸಿ 312ರಡಿ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್‌ನಲ್ಲಿದೆ. ಎಂಟಿಪಿ ಕಾಯ್ದೆ ಹೇಳುವುದು ಇಷ್ಟು: ಈ ಷರತ್ತುಗಳಲ್ಲಿ ನೋಂದಾಯಿತ ವೈದ್ಯರು ಮಾಡಿದರೆ ಅದು ಅಪರಾಧವಾಗದು. ಹಾಗಾಗಿ ಹೆಂಗಸಿಗೆ ಬೇಕು ಅನ್ನಿಸಿದರೆ ಮಾತ್ರ ಸಾಲದು, ವೈದ್ಯರಿಗೂ ಸರಿ ಅನ್ನಿಸಬೇಕು. ನಮ್ಮ ಕಾನೂನು ತುಂಬಾ ಉದಾರವಾದದ್ದು ಅಂತ ಹೇಳುವ ಮುಂಚೆ ಈ ಎಳೆಯನ್ನು ಗಮನಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಪರಾಧ ಅಂದಾಗ ಶಿಕ್ಷೆ ಯಾರಿಗೆ ಅಂತಲೂ ನೋಡಿ. ಪೋಲೆಂಡಿನಲ್ಲಿ ತಾನೇ ಮಾತ್ರೆ ತೆಗೆದುಕೊಂಡ ಹೆಂಗಸಿಗೆ ಶಿಕ್ಷೆ ಇಲ್ಲ, ನೆರವು ಕೊಟ್ಟವರಿಗೆ ಮೂರು ವರ್ಷದವರೆಗೆ ಜೈಲು. ಟೆಕ್ಸಸ್ 2021ರಲ್ಲಿ ತಂದ ಕಾನೂನಿನ ದಾರಿಯೇ ಬೇರೆ. ಅಲ್ಲಿ ಗರ್ಭಪಾತಕ್ಕೆ ನೆರವಾದವರ ಮೇಲೆ ಯಾರು ಬೇಕಾದರೂ ದಾವೆ ಹೂಡಿ ಕನಿಷ್ಠ 10,000 ಡಾಲರ್ ಕೇಳಬಹುದಿತ್ತು. ಎಲ್ ಸಾಲ್ವಡಾರ್‌ನಲ್ಲಿ ಪೂರ್ತಿ ನಿಷೇಧ. ಅಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡ ಹೆಂಗಸರನ್ನೂ ಕೊಲೆ ಆರೋಪದ ಮೇಲೆ ಜೈಲಿಗೆ ಹಾಕಿದ್ದುಂಟು. ಮಾನ್ಯುಯೆಲಾ ಎಂಬ ಹೆಸರಿನಲ್ಲಿ ದಾಖಲಾದ ಪ್ರಕರಣದಲ್ಲಿ ಆಕೆಗೆ 30 ವರ್ಷ ಶಿಕ್ಷೆಯಾಯಿತು. 2010ರಲ್ಲಿ ಕ್ಯಾನ್ಸರ್‌ನಿಂದ ಬಂಧನದಲ್ಲೇ ತೀರಿಕೊಂಡರು. ಇಂಟರ್-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಆ ದೇಶದ್ದೇ ತಪ್ಪು ಅಂತ ತೀರ್ಪು ಕೊಟ್ಟಿತು.

ಹೆಜ್ಜೆ 3: ವಾರಗಳನ್ನು ಎಲ್ಲಿಂದ ಎಣಿಸುತ್ತಾರೆ?

ಇಲ್ಲಿ ನಿಧಾನವಾಗಿ ಓದಿ. ಪತ್ರಿಕೆಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ವೈದ್ಯರು ಸಾಮಾನ್ಯವಾಗಿ ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಾದ ಸುಮಾರು ಎರಡು ವಾರಕ್ಕೆ. ಅಂದರೆ ಲೆಕ್ಕದ ಮೊದಲ ಎರಡು ವಾರ ಬಸಿರೇ ಇರುವುದಿಲ್ಲ. ಕೆಲವು ದೇಶಗಳ ಕಾನೂನು ಈ ಲೆಕ್ಕ ಹಿಡಿದರೆ, ಇನ್ನು ಕೆಲವು ಗರ್ಭ ನಿಂತ ದಿನದಿಂದ ಎಣಿಸುತ್ತವೆ. ಜರ್ಮನಿಯ 12 ವಾರ ಗರ್ಭ ನಿಂತಲ್ಲಿಂದ, ಹಾಗಾಗಿ ವೈದ್ಯರ ಲೆಕ್ಕದಲ್ಲಿ ಅದು 14. ಫ್ರಾನ್ಸಿನ 14 ವಾರವೂ ಗರ್ಭ ನಿಂತಲ್ಲಿಂದ, ವೈದ್ಯರ ಲೆಕ್ಕದಲ್ಲಿ ಅದು 16. ಸ್ವೀಡನ್ 18 ಅಂದರೆ ಅದು ಮುಟ್ಟಿನ ಲೆಕ್ಕದ 18. ಮೂರನ್ನೂ ಹಾಗೇ ಸಾಲಾಗಿ ಬರೆದು ಹೋಲಿಸಿದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಈಗ ಅಮೆರಿಕದ ಕೆಲವು ರಾಜ್ಯಗಳ 'ಆರು ವಾರ'ದ ಮಿತಿಯನ್ನು ನೋಡಿ. ಕೇಳುವವರಿಗೆ ಒಂದೂವರೆ ತಿಂಗಳು ಸಮಯ ಇದೆ ಅನ್ನಿಸುತ್ತದೆ. ತಿಂಗಳಿಗೆ ಸರಿಯಾಗಿ ಮುಟ್ಟಾಗುವ ಹೆಂಗಸನ್ನೇ ತೆಗೆದುಕೊಳ್ಳಿ. ಈ ಸಲ ಮುಟ್ಟಾಗಲಿಲ್ಲ ಅಂತ ಅವಳಿಗೆ ಗೊತ್ತಾಗುವ ಹೊತ್ತಿಗೆ ಲೆಕ್ಕದಲ್ಲಿ ನಾಲ್ಕು ವಾರ ಮುಗಿದಿರುತ್ತದೆ. ನಾಲ್ಕೈದು ದಿನ ತಡವಾಗಿರಬಹುದು ಅಂತ ಕಾಯುತ್ತಾಳೆ. ಆಮೇಲೆ ಪರೀಕ್ಷೆ, ನಂತರ ವೈದ್ಯರ ಅಪಾಯಿಂಟ್‌ಮೆಂಟ್. ಕೆಲಸಕ್ಕೆ ರಜೆ ಹಾಕಬೇಕು, ಹಣ ಹೊಂದಿಸಬೇಕು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೋಡಿಕೊಳ್ಳಲು ಯಾರಾದರೂ ಬೇಕು. ಅವಳ ಕೈಯಲ್ಲಿ ಇರುವುದು ಹೆಚ್ಚೆಂದರೆ ಒಂದೂವರೆ ವಾರ. ಮುಟ್ಟು ಏರುಪೇರಾಗುವವರು, ಮಗುವಿಗೆ ಹಾಲೂಡಿಸುತ್ತಿರುವವರು, ಇನ್ನೂ ಶಾಲೆಗೆ ಹೋಗುವ ಹುಡುಗಿಯರು, ಇವರಿಗೆ ಗೊತ್ತಾಗುವಷ್ಟರಲ್ಲೇ ಗಡುವು ದಾಟಿರುತ್ತದೆ. ಇಷ್ಟನ್ನು ಲೆಕ್ಕ ಹಾಕಿದ ಮೇಲೂ ಆರು ವಾರವನ್ನು 'ಸಮಯದ ಮಿತಿ' ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಹುಪಾಲು ಹೆಂಗಸರ ಮಟ್ಟಿಗೆ ಅದು ನಿಷೇಧವೇ.

ಹಾಗಾಗಿ ಯಾವುದೇ ವಾರದ ಸಂಖ್ಯೆ ಕಂಡರೂ ಪಕ್ಕದಲ್ಲಿ ಎರಡು ಟಿಪ್ಪಣಿ ಹಾಕಿಕೊಳ್ಳಿ: ಎಲ್ಲಿಂದ ಎಣಿಕೆ, ಮತ್ತು ಕಾಯುವ ದಿನಗಳು ಎಷ್ಟು.

ಹೆಜ್ಜೆ 4: ಯಾವ ಕಾರಣ ಬೇಕು, ಯಾರ ಮಾತು ನಡೆಯುತ್ತದೆ?

ಕಾನೂನು ಕೊಡುವ ಕಾರಣಗಳ ಪಟ್ಟಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಜೀವಕ್ಕೆ ಅಪಾಯ, ಆರೋಗ್ಯಕ್ಕೆ ಹಾನಿ, ಅತ್ಯಾಚಾರ, ಭ್ರೂಣದ ತೊಂದರೆ, ಬಡತನ ಅಥವಾ ಸಾಮಾಜಿಕ ಕಾರಣ, ಕೊನೆಗೆ ಅವಳ ಇಚ್ಛೆ. ಪಟ್ಟಿಗಿಂತ ಮುಖ್ಯ, ಆ ಕಾರಣ ಇದೆ ಅಂತ ಒಪ್ಪುವವರು ಯಾರು ಎನ್ನುವುದು.

ಇಥಿಯೋಪಿಯ 2005ರ ದಂಡಸಂಹಿತೆಯಲ್ಲಿ, ಅತ್ಯಾಚಾರವಾಗಿದೆ ಅಂತ ಹೆಂಗಸು ಹೇಳಿದರೆ ಆ ಮಾತೇ ಸಾಕು ಅಂತ ಬರೆಯಿತು. ಠಾಣೆಗೆ ಅಲೆಯಬೇಕಿಲ್ಲ. ಜಾಂಬಿಯದ 1972ರ ಕಾಯ್ದೆ ಕಾಗದದಲ್ಲಿ ಸಾಮಾಜಿಕ ಕಾರಣವನ್ನೂ ಒಪ್ಪುತ್ತದೆ. ಆದರೆ ಮೂವರು ವೈದ್ಯರ ಸಹಿ ಬೇಕು, ಅವರಲ್ಲಿ ಒಬ್ಬರು ತಜ್ಞರಾಗಿರಬೇಕು. ಒಬ್ಬ ವೈದ್ಯರಿಗೇ ಮೈಲಿಗಟ್ಟಲೆ ಹೋಗಬೇಕಾದ ಹಳ್ಳಿಯಲ್ಲಿ ಮೂವರನ್ನು ಎಲ್ಲಿಂದ ತರುವುದು? ಜಪಾನಿನಲ್ಲಿ ಸಾಮಾನ್ಯವಾಗಿ ಗಂಡನ ಒಪ್ಪಿಗೆ ಕೇಳುತ್ತಾರೆ. ಭಾರತದಲ್ಲಿ ವಯಸ್ಕ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾದ್ದು.

ಭಾರತದ ಮಿತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮುಂತಾದ ಕೆಲವರಿಗೆ ಮಾತ್ರ. ಅವಿವಾಹಿತರನ್ನು ಇದರಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. 24 ದಾಟಿದರೆ, ಭ್ರೂಣಕ್ಕೆ ಗಂಭೀರ ತೊಂದರೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು.

ಇನ್ನು 'ಜೀವ' ಮತ್ತು 'ಆರೋಗ್ಯ' ಎರಡರ ನಡುವಿನ ಅಂತರ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ಅಂತರಕ್ಕೆ ಪ್ರಾಣ ತೆತ್ತವರಿದ್ದಾರೆ.

ಸವಿತಾ ಹಾಲಪ್ಪನವರ ಬೆಳಗಾವಿಯಿಂದ ಐರ್ಲೆಂಡಿಗೆ ಹೋಗಿ ನೆಲೆಸಿದ್ದ ದಂತವೈದ್ಯೆ. ವಯಸ್ಸು 31. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿಯಾಗಿದ್ದಾಗ, ಬೆನ್ನುನೋವು ಅಂತ ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ಅಲ್ಲಿ ಗೊತ್ತಾಯಿತು. ನೀರು ಒಡೆಯಿತು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿ ಅಂತ ಅವರೇ ಕೇಳಿಕೊಂಡರು. ಆದರೆ ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ಐರ್ಲೆಂಡಿನ ಅಂದಿನ ಕಾನೂನಿನಲ್ಲಿ ತಾಯಿಯ ಜೀವಕ್ಕೆ ನಿಜವಾದ ಅಪಾಯ ಬಂದ ಮೇಲಷ್ಟೇ ಮುಟ್ಟಬಹುದಿತ್ತು, ಆರೋಗ್ಯ ಕೆಡುತ್ತದೆ ಅನ್ನುವುದು ಸಾಕಾಗುತ್ತಿರಲಿಲ್ಲ. ಕಾದರು. ಕಾಯುತ್ತಿರುವಾಗಲೇ ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಆರೋಗ್ಯ ಎಲ್ಲಿ ಮುಗಿದು ಜೀವದ ಅಪಾಯ ಎಲ್ಲಿ ಶುರುವಾಗುತ್ತದೆ ಅಂತ ಯಾವ ವೈದ್ಯರೂ ಗೆರೆ ಎಳೆದು ತೋರಿಸಲಾರರು. 'ಜೀವ ಉಳಿಸಲು ಅವಕಾಶ ಇದೆಯಲ್ಲ' ಅಂತ ಯಾವುದಾದರೂ ಕಾನೂನಿನ ಬಗ್ಗೆ ಯಾರಾದರೂ ಹೇಳಿದರೆ, ಆ ತೀರ್ಮಾನ ತಪ್ಪಾದರೆ ವೈದ್ಯರಿಗೆ ಎಷ್ಟು ವರ್ಷ ಶಿಕ್ಷೆ ಅಂತ ಹುಡುಕಿ. ಶಿಕ್ಷೆ ಜಾಸ್ತಿ ಇದ್ದಷ್ಟೂ ಕಾಯುವುದೂ ಜಾಸ್ತಿ.

ಹೆಜ್ಜೆ 5: ಕೈಗೆ ಸಿಗುತ್ತದೆಯೇ?

ಇಟಲಿಯಲ್ಲಿ 1978ರಿಂದ ಗರ್ಭಪಾತಕ್ಕೆ ಅವಕಾಶ ಇದೆ. ಆದರೆ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಹೇಳಿ ವೈದ್ಯರು ಹಿಂದೆ ಸರಿಯಲು ಅದೇ ಕಾನೂನು ಬಿಟ್ಟುಕೊಟ್ಟಿದೆ. ಸ್ತ್ರೀರೋಗ ತಜ್ಞರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆ ಹಿಂದೆ ಸರಿದವರೇ. ದಕ್ಷಿಣದ ಭಾಗಗಳಲ್ಲಿ ಇನ್ನೂ ಹೆಚ್ಚು. ಒಂದೇ ಕಾನೂನು, ಆದರೆ ಉತ್ತರದಲ್ಲಿ ಸಿಗುವುದು ದಕ್ಷಿಣದಲ್ಲಿ ಸಿಗದು. ಕೆನಡಾದಲ್ಲಿ 1988ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗರ್ಭಪಾತದ ಮೇಲೆ ಕ್ರಿಮಿನಲ್ ಕಾನೂನೇ ಇಲ್ಲ. ಹಾಗಿದ್ದೂ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಪ್ರಾಂತ್ಯದಲ್ಲಿ 2017ರವರೆಗೆ ಈ ಸೇವೆ ಕೊಡುವ ಒಂದು ಜಾಗವೂ ಇರಲಿಲ್ಲ. ಪಕ್ಕದ ಪ್ರಾಂತ್ಯಕ್ಕೆ ಹೋಗಬೇಕಿತ್ತು.

ಇದಕ್ಕೆ ತದ್ವಿರುದ್ಧ ಬಾಂಗ್ಲಾದೇಶ. ಅಲ್ಲಿ ಬ್ರಿಟಿಷರ ಕಾಲದ ದಂಡಸಂಹಿತೆಯೇ ಇದೆ, ತಾಯಿಯ ಜೀವ ಉಳಿಸಲು ಬಿಟ್ಟರೆ ಗರ್ಭಪಾತ ಅಪರಾಧ. ಆದರೆ ನಿಂತ ಮುಟ್ಟನ್ನು ಸರಿಪಡಿಸುವ ಚಿಕಿತ್ಸೆ ಅಂತ ಹೇಳಿ, ಮೊದಲ ಕೆಲವು ವಾರಗಳಲ್ಲಿ ಕೊಡುವ ಸೇವೆ 1979ರಿಂದ ಸರ್ಕಾರಿ ಕಾರ್ಯಕ್ರಮದಲ್ಲೇ ಸೇರಿದೆ. ನಕ್ಷೆಯಲ್ಲಿ ಈ ದೇಶಕ್ಕೆ ಯಾವ ಬಣ್ಣ ಕೊಡುತ್ತೀರಿ?

ಗರ್ಭಪಾತದ ಮಾತ್ರೆಗಳು ಬಂದ ಮೇಲೆ ಈ ಹೆಜ್ಜೆ ಇನ್ನೂ ತೊಡಕಾಗಿದೆ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟೋಲ್ ಎರಡೂ ಗಡಿ ದಾಟಿ ಅಂಚೆಯಲ್ಲಿ ಬರುತ್ತವೆ. ನಿಷೇಧ ಇದ್ದಲ್ಲಿ ಗರ್ಭಪಾತ ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 7.3 ಕೋಟಿ ಗರ್ಭಪಾತಗಳು ನಡೆಯುತ್ತವೆ, ಅವುಗಳಲ್ಲಿ ಸುಮಾರು ಶೇ. 45 ಅಸುರಕ್ಷಿತ.

ಹೆಜ್ಜೆ 6: ತಾರೀಖು ನೋಡಿ

ತೀರ್ಪು ಬಂದ ದಿನ, ಕಾನೂನು ಪಾಸಾದ ದಿನ, ಜಾರಿಗೆ ಬಂದ ದಿನ ಬೇರೆ ಬೇರೆ. ಐರ್ಲೆಂಡ್ ಮತ ಹಾಕಿದ್ದು 2018ರ ಮೇ 25ಕ್ಕೆ, ಸೇವೆ ಶುರುವಾದದ್ದು 2019ರ ಜನವರಿ 1ಕ್ಕೆ. ದಕ್ಷಿಣ ಕೊರಿಯದಲ್ಲಿ 2019ರಲ್ಲಿ ಸಾಂವಿಧಾನಿಕ ನ್ಯಾಯಾಲಯ ನಿಷೇಧ ಸರಿಯಲ್ಲ ಅಂದಿತು, 2020ರ ಕೊನೆಯೊಳಗೆ ಹೊಸ ಕಾನೂನು ಮಾಡಿ ಅಂತ ಸಂಸತ್ತಿಗೆ ಗಡುವು ಕೊಟ್ಟಿತು. ಸಂಸತ್ತು ಮಾಡಲಿಲ್ಲ. ಹಳೆಯದು ಬಿದ್ದುಹೋಯಿತು, ಹೊಸದು ಗಡುವಿನೊಳಗೆ ಬರಲಿಲ್ಲ.

ಹೆಜ್ಜೆ 7: ಜನ ಏನು ಹೇಳುತ್ತಾರೆ ಅನ್ನುವ ಮುಂಚೆ, ಕೇಳಿದ್ದೇನು ಅಂತ ನೋಡಿ

ಸಮೀಕ್ಷೆಯ ಶೇಕಡಾವಾರು ನೋಡುವ ಮೊದಲು ಪ್ರಶ್ನೆಯನ್ನು ಓದಿ. 'ಗರ್ಭಪಾತ ತಪ್ಪೇ?' ಅಂತ ಕೇಳಿದರೆ ಹೌದು ಅನ್ನುವವರೇ, 'ಕಾನೂನು ಅದನ್ನು ನಿಷೇಧಿಸಬೇಕೇ?' ಅಂದರೆ ಬೇಡ ಅನ್ನಬಹುದು. ಇದರಲ್ಲಿ ಗೊಂದಲ ಏನೂ ಇಲ್ಲ. ನಾನಾದರೆ ಮಾಡಿಸಿಕೊಳ್ಳುವುದಿಲ್ಲ, ಹಾಗಂತ ಇನ್ನೊಬ್ಬಳನ್ನು ಪೊಲೀಸರಿಗೆ ಒಪ್ಪಿಸುವುದೂ ಬೇಡ ಅನ್ನುವವರು ಎಲ್ಲ ಕಡೆ ಇದ್ದಾರೆ.

ವಾರಗಳೂ ಉತ್ತರವನ್ನು ಬದಲಾಯಿಸುತ್ತವೆ. ಅಮೆರಿಕದಲ್ಲಿ ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆ 2023ರಲ್ಲಿ ಕೇಳಿದಾಗ, ಮೊದಲ ಮೂರು ತಿಂಗಳಲ್ಲಿ ಅವಕಾಶ ಇರಲಿ ಅಂದವರು ಶೇ. 69, ಮುಂದಿನ ಮೂರು ತಿಂಗಳಿಗೆ ಶೇ. 37, ಕೊನೆಯ ಮೂರಕ್ಕೆ ಶೇ. 22. ಮೊದಲ ಸಂಖ್ಯೆ ಹಿಡಿದು ಒಬ್ಬರು, ಕೊನೆಯ ಸಂಖ್ಯೆ ಹಿಡಿದು ಇನ್ನೊಬ್ಬರು 'ಜನ ನಮ್ಮ ಕಡೆ' ಅನ್ನುತ್ತಾರೆ. ಜನ ಮೂರೂ ಹೇಳಿದ್ದಾರೆ, ಅಲ್ವಾ? ಮೂರನ್ನೂ ಬರೆಯಿರಿ.

ದೇಶದಿಂದ ದೇಶಕ್ಕೆ ಅಂತರ ದೊಡ್ಡದು. ಪ್ಯೂ ಸಂಸ್ಥೆಯ ಸಮೀಕ್ಷೆಗಳಲ್ಲಿ ಸ್ವೀಡನ್‌ನ ಶೇ. 90ಕ್ಕೂ ಹೆಚ್ಚು ಜನ ಎಲ್ಲ ಅಥವಾ ಬಹುತೇಕ ಸಂದರ್ಭಗಳಲ್ಲಿ ಅವಕಾಶ ಇರಲಿ ಅನ್ನುತ್ತಾರೆ. ನೈಜೀರಿಯದಲ್ಲಿ ಬಹುಪಾಲು ಜನ ಬೇಡ ಅನ್ನುತ್ತಾರೆ. ಧರ್ಮ ಬದುಕಿನಲ್ಲಿ ಎಷ್ಟು ಮುಖ್ಯ ಎನ್ನುವುದರ ಜೊತೆ ಈ ಉತ್ತರ ಹೋಗುತ್ತದೆ. ಸಮೀಕ್ಷೆ ಮನೆಗೆ ಬಂದು ಎಲ್ಲರ ಎದುರು ಕೇಳಿದ್ದೋ, ಫೋನಿನಲ್ಲಿ ಕೇಳಿದ್ದೋ ಅಂತಲೂ ನೋಡಿ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆಯ ಉತ್ತರ ಬೇರೆಯಾಗುತ್ತದೆ.

ಹೆಜ್ಜೆ 8: ಮತಪೆಟ್ಟಿಗೆ ಏನು ಹೇಳಿತು?

ಜನರೇ ನೇರವಾಗಿ ಮತ ಹಾಕಿದ ಕಡೆ ಸಮೀಕ್ಷೆಗಿಂತ ಗಟ್ಟಿ ಸಾಕ್ಷಿ ಸಿಗುತ್ತದೆ. ಐರ್ಲೆಂಡ್ 1983ರಲ್ಲಿ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿದಾಗ ಮೂರರಲ್ಲಿ ಎರಡರಷ್ಟು ಜನ ಪರವಾಗಿದ್ದರು. 2018ರಲ್ಲಿ ಅದನ್ನು ತೆಗೆದುಹಾಕಿದಾಗ ನಿಷೇಧ ಬೇಡ ಅಂದವರು ಶೇ. 66.4. ಅದೇ ದೇಶ, ಹತ್ತಿರ ಹತ್ತಿರ ಅದೇ ಪಾಲು, ದಿಕ್ಕು ಮಾತ್ರ ತಿರುಗಿತ್ತು. ನಡುವೆ ಸವಿತಾ ಅವರ ಸಾವಿತ್ತು, ಬೀದಿಗಿಳಿದ ಜನರಿದ್ದರು, ಇಂಗ್ಲೆಂಡಿಗೆ ಹೋಗಿ ಬಂದದ್ದನ್ನು ಬಾಯಿಬಿಟ್ಟು ಹೇಳಿದ ಹೆಂಗಸರಿದ್ದರು. 2018ರಲ್ಲೂ ವಾಯವ್ಯ ಮೂಲೆಯ ಡಾನಿಗಾಲ್ ಒಂದೇ ಕ್ಷೇತ್ರ ಬದಲಾವಣೆ ಬೇಡ ಅಂದಿತು, ಅದೂ ಕೂದಲೆಳೆಯ ಅಂತರದಲ್ಲಿ. ಹಾಗಾಗಿ 'ಹಳ್ಳಿ ವಿರುದ್ಧ, ಪೇಟೆ ಪರ' ಅಂತ ಸುಮ್ನೆ ಬರೆದುಬಿಡಬೇಡಿ. ಐರ್ಲೆಂಡಿನ ಬಹುತೇಕ ಹಳ್ಳಿಗಾಡೂ ಪರವಾಗಿಯೇ ಮತ ಹಾಕಿತ್ತು.

ಪಕ್ಷದ ಲೆಕ್ಕವೂ ಯಾವಾಗಲೂ ಕೂಡಿಬರುವುದಿಲ್ಲ. ಗರ್ಭಪಾತವನ್ನು ಸಾಮಾನ್ಯವಾಗಿ ವಿರೋಧಿಸುವ ರಿಪಬ್ಲಿಕನ್ನರ ಕೋಟೆಯಾದ, ಅಮೆರಿಕದ ಕ್ಯಾನ್ಸಸ್‌ನಲ್ಲಿ 2022ರ ಆಗಸ್ಟ್‌ನಲ್ಲಿ, ರಾಜ್ಯ ಸಂವಿಧಾನದಲ್ಲಿರುವ ಗರ್ಭಪಾತದ ರಕ್ಷಣೆಯನ್ನು ತೆಗೆಯೋಣವೇ ಅಂತ ಕೇಳಿದಾಗ ಸುಮಾರು ಶೇ. 59 ಜನ ಬೇಡ ಅಂದರು.

ಮತದ ನಿಯಮವನ್ನೂ ಓದಿ. 2024ರ ನವೆಂಬರ್ 5ರಂದು ಮಿಸೌರಿಯಲ್ಲಿ ಶೇ. 52ರ ಆಸುಪಾಸು ಮತ ಸಿಕ್ಕಿ ಗರ್ಭಪಾತದ ಹಕ್ಕು ಗೆದ್ದಿತು. ಅದೇ ದಿನ ಫ್ಲಾರಿಡಾದಲ್ಲಿ ಶೇ. 57ರಷ್ಟು ಸಿಕ್ಕರೂ ಸೋತಿತು, ಯಾಕೆಂದರೆ ಅಲ್ಲಿ ಶೇ. 60 ಬೇಕು. ಮರುದಿನದ ಶೀರ್ಷಿಕೆ ಮಾತ್ರ ಓದಿದವರು ಫ್ಲಾರಿಡಾದ ಜನ ವಿರೋಧಿಸಿದರು ಅಂದುಕೊಳ್ಳುತ್ತಾರೆ.

ಹೆಜ್ಜೆ 9: ಒಂದು ಪುಟದ ಟಿಪ್ಪಣಿ ಬರೆದುಕೊಳ್ಳಿ

ಮೇಲಿನದೆಲ್ಲವನ್ನೂ ಒಂದು ಜಾಗಕ್ಕೆ ಹಚ್ಚಿ ನೋಡಿ. ಪೋಲೆಂಡ್ ಆದರೆ ನನ್ನ ಟಿಪ್ಪಣಿ ಹೀಗಿರುತ್ತದೆ:

ಇಡೀ ದೇಶಕ್ಕೆ ಒಂದೇ ಕಾನೂನು, 1993ರದ್ದು. ಮೂಲದಲ್ಲಿ ಮೂರು ಕಾರಣಗಳಿದ್ದವು. 2020ರ ಅಕ್ಟೋಬರ್ 22ರಂದು ಸಾಂವಿಧಾನಿಕ ನ್ಯಾಯಮಂಡಳಿ ಭ್ರೂಣದ ತೊಂದರೆ ಎಂಬ ಕಾರಣವನ್ನು ತೆಗೆದುಹಾಕಿತು. ಜನ ಲಕ್ಷಗಟ್ಟಲೆ ಬೀದಿಗಿಳಿದರು. ಆದರೂ 2021ರ ಜನವರಿ 27ರಂದು ಜಾರಿಗೆ ಬಂತು. ಈಗ ಉಳಿದಿರುವುದು ತಾಯಿಯ ಜೀವ ಅಥವಾ ಆರೋಗ್ಯಕ್ಕೆ ಅಪಾಯ, ಮತ್ತು ಅತ್ಯಾಚಾರ ಅಥವಾ ರಕ್ತಸಂಬಂಧದಲ್ಲಿ ಆದ ಬಸಿರು. ಎರಡನೆಯದಕ್ಕೆ ಸರ್ಕಾರಿ ವಕೀಲರ ದೃಢೀಕರಣ ಬೇಕು. ಶಿಕ್ಷೆ ನೆರವು ಕೊಟ್ಟವರಿಗೆ, ಹೆಂಗಸಿಗಲ್ಲ. ನಿಜದಲ್ಲಿ: ಅಂಚೆಯಲ್ಲಿ ಬರುವ ಮಾತ್ರೆ, ಇಲ್ಲವೇ ಗಡಿ ದಾಟಿ ಜರ್ಮನಿ, ನೆದರ್‌ಲ್ಯಾಂಡ್ಸ್. ಶಾಸನಸಭೆ: ನೆರವು ಕೊಟ್ಟವರನ್ನು ಶಿಕ್ಷೆಯಿಂದ ಬಿಡುವ ಮಸೂದೆ 2024ರ ಜುಲೈನಲ್ಲಿ 215ಕ್ಕೆ 218 ಮತಗಳಿಂದ ಬಿದ್ದಿತು, ಆಳುವ ಮೈತ್ರಿಕೂಟದೊಳಗೇ ಒಮ್ಮತ ಇರಲಿಲ್ಲ.

ಟಿಪ್ಪಣಿಯ ತಲೆಯ ಮೇಲೆ ಬರೆದ ದಿನಾಂಕ ಹಾಕಿ. ಮೂರು ಮತಗಳ ಅಂತರದಲ್ಲಿ ಬಿದ್ದದ್ದು ಮತ್ತೆ ಯಾವಾಗ ಬೇಕಾದರೂ ಸದನಕ್ಕೆ ಬರಬಹುದು. ಇನ್ನೊಬ್ಬರಿಗೆ ತೋರಿಸುವ ಮುಂಚೆ ಆ ದಿನಾಂಕದಿಂದ ಈಚೆಗೆ ಏನಾದರೂ ಬದಲಾಗಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ.